ನಿಪ್ಪಾಣಿಯ ಎಲೆಯೂ ಸಂಶೋಧನೆಯ ದಾರಿಯೂ

ಹದಿನೇಳನೆಯ ಶತಮಾನದ ಆರಂಭದ ಮಾತು. ಅಕ್ಬರ ಬಾದಶಹನ ರಾಯಭಾರಿಯಾಗಿ ವಿಜಾಪುರದ ಆದಿಲಶಾಹಿ ದರಬಾರಿಗೆ ಬಂದಿದ್ದ ಅಸದ್ ಬೇಗನೆಂಬವನು, 1604ರ ಸುಮಾರಿಗೆ ಹಿಂದಿರುಗುವಾಗ, ತಾನು ಹಿಂದೆಂದೂ ಕಂಡಿರದ ಒಂದು ವಸ್ತುವನ್ನು ವಿಜಾಪುರದಿಂದ ಕೊಂಡೊಯ್ದು ಬಾದಶಹನ ಮುಂದಿಟ್ಟನು. ಅದು ತಂಬಾಕು, ಜೊತೆಗೆ ಸೊಗಸಾಗಿ ಅಲಂಕರಿಸಿದ ಒಂದು ಚಿಲುಮೆ. ಬಾದಶಹನು ಕುತೂಹಲಕ್ಕೆಂದು ಒಂದೆರಡು ಸಲ ಹೊಗೆಯನ್ನೆಳೆದದ್ದೇ ತಡ, ಆಸ್ಥಾನದ ಹಕೀಮನು ಬೇಡವೆಂದು ತಡೆದನು. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ವಿಷಯ ಏನೂ ಇಲ್ಲ, ಗುಣವನ್ನರಿಯದ ವಸ್ತುವನ್ನು ಪ್ರಭುಗಳು ಸೇವಿಸಬಾರದು ಎಂಬುದು ಅವನ ವಾದ. ಯುರೋಪಿನವರೇನು ವಿಚಾರಹೀನರೇ, ಅವರು ನೋಡದೆ ಇದನ್ನು ಹಿಡಿದಿರುವರೇ, ಗ್ರಂಥದಲ್ಲಿಲ್ಲವೆಂದ ಮಾತ್ರಕ್ಕೆ ಹೊಸತನ್ನು ತಳ್ಳಿಬಿಡುವುದೇ ಎಂಬುದು ಅಸದ್ ಬೇಗನ ಪ್ರತಿವಾದ. ಬಾದಶಹನು ಈ ಮಾತನ್ನು ಮೆಚ್ಚಿಕೊಂಡನಂತೆ. ಸಂಗತಿಯನ್ನು ಅಸದ್ ಬೇಗನೇ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ಅಕ್ಬರನು ಚಟಕ್ಕೆ ಬೀಳಲಿಲ್ಲ. ಆಸ್ಥಾನದ ಅಮೀರರು ಬಿದ್ದರು, ವರ್ತಕರು ಮಾರತೊಡಗಿದರು, ಉಳಿದದ್ದು ನಮಗೆಲ್ಲ ಗೊತ್ತಿರುವ ಚರಿತ್ರೆ.

ವಾದದಲ್ಲಿ ಗೆದ್ದವನು ಅಸದ್ ಬೇಗನು. ಸತ್ಯವಿದ್ದದ್ದು ಹಕೀಮನ ಪಕ್ಷದಲ್ಲಿ. ಆದರೆ ಹಕೀಮನು ಕೊಟ್ಟ ಕಾರಣವೂ ಸರಿಯಾದುದಲ್ಲ. ಗ್ರಂಥದಲ್ಲಿಲ್ಲವೆಂದು ಹೊಸತನ್ನು ನೂಕುವುದೂ ಸಲ್ಲದು, ಪರದೇಶದವರು ಒಪ್ಪಿದ್ದಾರೆಂದು ಹಿಡಿಯುವುದೂ ಸಲ್ಲದು. ಪರೀಕ್ಷಿಸಿ ನೋಡೋಣವೆಂಬ ಮೂರನೆಯ ಮಾತು ಆ ವಾದದಲ್ಲಿ ಬರಲೇ ಇಲ್ಲ. ಆ ಮೂರನೆಯ ಮಾತನ್ನೇ ಇಂದು ನಾವು ಸಂಶೋಧನೆಯೆಂದು ಕರೆಯುತ್ತೇವೆ. ಅಥಣಿಗೆ ವಿಜಾಪುರ ದೂರವೇನಲ್ಲ. ಕಾಲಾಂತರದಲ್ಲಿ ಆ ಎಲೆ ನಮ್ಮ ವೇದಗಂಗೆ ದೂಧಗಂಗೆಯರ ಸೀಮೆಯಲ್ಲಿ ಬೇರೂರಿ, ಬೀಡಿ ತಂಬಾಕು ಎಂದರೆ ನಿಪ್ಪಾಣಿ ಎನ್ನುವಂತಾಯಿತು. ಆ ಎಲೆಯ ಮೇಲೆ ಶಾಸ್ತ್ರಜ್ಞರು ನಡೆಸಿದ ಶೋಧನೆಗಳೇನು, ಅವು ಎಲ್ಲಿಯವರೆಗೆ ಮುಟ್ಟಿವೆ, ಎಲ್ಲಿಗೆ ಮುಟ್ಟಿಲ್ಲ ಎಂಬುದನ್ನು ವಿಚಾರಿಸಬೇಕೆಂದು ಈ ಲೇಖನ. ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ವೈದ್ಯಕೀಯ, ಜೀವಶಾಸ್ತ್ರ, ಪದಾರ್ಥ ವಿಜ್ಞಾನಗಳ ಮಾತೇಕೆ ಎಂದು ಹುಬ್ಬೇರಿಸುವ ಮಿತ್ರರು ಸ್ವಲ್ಪ ತಾಳ್ಮೆ ತಂದುಕೊಳ್ಳಬೇಕೆಂದು ವಿನಂತಿ.

ತಂಬಾಕು ಮನುಷ್ಯನಿಗೆ ಮಾಡಿದ ಕೇಡು ಜಗಜ್ಜಾಹೀರಾದುದು. ಆದರೆ ಆಧುನಿಕ ಜೀವಶಾಸ್ತ್ರಕ್ಕೆ ಈ ಗಿಡ ಮಾಡಿದ ಉಪಕಾರವನ್ನು ತಿಳಿದವರು ಕಡಿಮೆ. ತಂಬಾಕಿನ ಎಲೆಗೆ ಒಂದು ರೋಗ ಬರುತ್ತದೆ. ಹಸುರೆಲೆಯಲ್ಲಿ ತಿಳಿಯಾದ, ಗಾಢವಾದ ಕಲೆಗಳೆದ್ದು ಕಲ್ಲುಹಾಸಿನ ಚಿತ್ತಾರದಂತೆ ಕಾಣುವುದರಿಂದ ಅದಕ್ಕೆ ಮೊಸಾಯಿಕ್ ರೋಗವೆಂದು ಹೆಸರು. 1892ರಲ್ಲಿ ರಷ್ಯದ ಇವಾನೋವ್‌ಸ್ಕಿ ಎಂಬವನು ಇಂಥ ಎಲೆಯ ರಸವನ್ನು ತೆಗೆದು, ಬ್ಯಾಕ್ಟೀರಿಯಗಳೂ ದಾಟಲಾರದಷ್ಟು ಸೂಕ್ಷ್ಮ ರಂಧ್ರಗಳ ಪಿಂಗಾಣಿ ಸೋಸುಕದಲ್ಲಿ ಸೋಸಿದನು. ಸೋಸಿದ ರಸವನ್ನು ಒಳ್ಳೆಯ ಗಿಡಕ್ಕೆ ತಾಗಿಸಿದರೆ ಅದಕ್ಕೂ ರೋಗ ಬಂದಿತು. ಬ್ಯಾಕ್ಟೀರಿಯಕ್ಕಿಂತ ಕಿರಿದಾದ ರೋಗಕಾರಕವೊಂದು ಇರಲೇಬೇಕೆಂದು 1898ರಲ್ಲಿ ಹಾಲೆಂಡಿನ ಬೈಯರಿಂಕನು ಸಾರಿದನು. ಹೀಗೆ ಲೋಕಕ್ಕೆ ಮೊತ್ತಮೊದಲು ಪರಿಚಯವಾದ ವೈರಸ್ ಎಂದರೆ ತಂಬಾಕಿನ ವೈರಸ್. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿಯು ಅದನ್ನು ಸಕ್ಕರೆಯಂತೆ ಹರಳುಗಟ್ಟಿಸಿ ತೋರಿಸಿದನು. 1946ರ ರಸಾಯನ ಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅವನಿಗೆ ಪಾಲು ಸಿಕ್ಕಿತು. ಕೊರೋನಾ ಕಾಲದಲ್ಲಿ ಮಕ್ಕಳ ಬಾಯಲ್ಲೂ ಓಡಾಡಿದ ಆ ಶಬ್ದದ ಶಾಸ್ತ್ರೀಯ ಜನ್ಮಸ್ಥಾನ ತಂಬಾಕಿನ ಒಂದು ರೋಗಿಷ್ಠ ಎಲೆ.

ಇನ್ನೊಂದು ಶೋಧನೆ ನನಗೆ ವೈಯಕ್ತಿಕವಾಗಿ ಬಹಳ ಸೊಗಸೆನಿಸಿದ್ದು. ನಿಕೋಟಿನ್ ಎಂಬ ವಿಷ ಎಲೆಯಲ್ಲಿ ತುಂಬಿರುತ್ತದೆ ಸರಿ, ಆದರೆ ಅದು ತಯಾರಾಗುವುದು ಎಲ್ಲಿ? 1940ರ ದಶಕದಲ್ಲಿ ಡಾಸನ್ ಎಂಬ ಸಸ್ಯಶಾಸ್ತ್ರಜ್ಞನು ತಂಬಾಕಿನ ಬೇರಿನ ಮೇಲೆ ಟೊಮ್ಯಾಟೊ ಕುಡಿಯನ್ನು ಕಸಿ ಕಟ್ಟಿದನು. ಟೊಮ್ಯಾಟೊ ಎಲೆಯಲ್ಲಿ ನಿಕೋಟಿನ್ ಕಾಣಿಸಿಕೊಂಡಿತು! ತಿರುವು ಮುರುವಾಗಿ ಟೊಮ್ಯಾಟೊ ಬೇರಿನ ಮೇಲೆ ತಂಬಾಕನ್ನು ಕಟ್ಟಿದರೆ ತಂಬಾಕಿನ ಎಲೆಯಲ್ಲಿ ಅದು ಹೆಚ್ಚುಕಡಿಮೆ ಇಲ್ಲವಾಯಿತು. ಅಂದರೆ ವಿಷದ ಕಾರಖಾನೆ ನೆಲದೊಳಗೆ, ಉಗ್ರಾಣ ಮೇಲೆ. ಎಲೆಯನ್ನು ಹುಳು ಕಚ್ಚಿದಾಗ ಅಥವಾ ಕುಡಿ ಮುರಿದಾಗ, ಗಾಯದ ಸುದ್ದಿ ರಸದ ಮೂಲಕ ಬೇರಿಗಿಳಿದು, ಬೇರು ಇನ್ನಷ್ಟು ನಿಕೋಟಿನನ್ನು ಮೇಲೆ ಕಳುಹಿಸುತ್ತದೆಂದು ಆಮೇಲಿನವರು ಕಂಡುಕೊಂಡರು. ತಂಬಾಕಿನ ಕುಡಿಯನ್ನು ಚಿವುಟಿದರೆ ಎಲೆ ದಪ್ಪಗಾಗಿ ಖಾರವಾಗುತ್ತದೆಂಬುದು ನಮ್ಮ ರೈತನಿಗೆ ಗೊತ್ತಿದ್ದ ಮಾತೇ. ಕಾರಣ ಮಾತ್ರ ಈಗ ಗೊತ್ತಾಯಿತು. ಪ್ರಯೋಗಾಲಯವೂ ಹೊಲವೂ ಹೀಗೆ ಒಂದೇ ಮಾತನ್ನಾಡುವುದು ಅಪರೂಪ.

ಇನ್ನು ತೀರ ಇತ್ತೀಚಿನ ವರ್ತಮಾನಕ್ಕೆ ಬರೋಣ. ಸ್ತನದ ಮತ್ತು ಅಂಡಾಶಯದ ಕ್ಯಾನ್ಸರಿಗೆ ಕೊಡುವ ಟ್ಯಾಕ್ಸಾಲ್ ಎಂಬ ಔಷಧ ಮೊದಲು ದೊರೆತದ್ದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ. ಆ ಮರ ಬೆಳೆಯುವುದು ಬಲು ನಿಧಾನ. ಔಷಧದ ಹಿಂದಿನ ಮೆಟ್ಟಿಲಾದ ಬ್ಯಾಕಾಟಿನ್ ಎಂಬ ದ್ರವ್ಯವನ್ನು ಮರ ಹೇಗೆ ಕಟ್ಟುತ್ತದೆಂಬುದನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಪತ್ತೆ ಹಚ್ಚಿ, ಅದರ ವಂಶವಾಹಿಗಳನ್ನು ಬೇರೊಂದು ಗಿಡದ ಎಲೆಯೊಳಗೆ ಸೇರಿಸಿ, ಆ ಎಲೆಯಲ್ಲೇ ಬ್ಯಾಕಾಟಿನನ್ನು ಮಾಡಿಸಿದ ವಿವರ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿದೆ. ಆ ಬೇರೊಂದು ಗಿಡ ಯಾವುದೆಂದರೆ ಆಸ್ಟ್ರೇಲಿಯದ ಕಾಡುತಂಬಾಕು, ನಮ್ಮ ನಿಪ್ಪಾಣಿಯ ತಂಬಾಕಿನ ದಾಯಾದಿ. ಕ್ಯಾನ್ಸರನ್ನು ಹರಡುವ ಕುಲದಲ್ಲೇ ಕ್ಯಾನ್ಸರಿನ ಮದ್ದು! ಹಿತ್ತಲ ಗಿಡ ಮದ್ದಲ್ಲವೆಂದವರು ಇದನ್ನು ಓದಬೇಕಾಗಿತ್ತು.

ಪದಾರ್ಥ ವಿಜ್ಞಾನಿಗಳೂ ಈ ಗಿಡವನ್ನು ಬಿಟ್ಟಿಲ್ಲ. ಮೇಲೆ ಹೇಳಿದ ಮೊಸಾಯಿಕ್ ವೈರಸ್ಸಿನ ಆಕಾರ ಒಂದು ಟೊಳ್ಳು ಕೋಲಿನಂತೆ. ಉದ್ದ 300 ನ್ಯಾನೋಮೀಟರ್, ದಪ್ಪ 18 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಅಂಥ ಮೂರು ಸಾವಿರಕ್ಕೂ ಮಿಕ್ಕಿದ ಕೋಲುಗಳನ್ನು ಸಾಲಾಗಿ ಮಲಗಿಸಬಹುದು. ಕೋಲುಗಳೆಲ್ಲ ಒಂದೇ ಅಳತೆಯವು. ಇಷ್ಟು ಸಣ್ಣದನ್ನು ಇಷ್ಟು ಕರಾರುವಾಕ್ಕಾಗಿ ಮಾಡುವ ಯಂತ್ರ ಮನುಷ್ಯನಲ್ಲಿ ಸುಲಭವಾಗಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2010ರ ಸುಮಾರಿಗೆ ಈ ಕೋಲುಗಳನ್ನು ಲೋಹದ ಹಾಳೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲೆ ನಿಕ್ಕಲಿನ ಲೇಪ ಕೊಟ್ಟು, ಬ್ಯಾಟರಿಯ ಧ್ರುವಗಳನ್ನು ತಯಾರಿಸಿದರು. ಬಯಲಿನಲ್ಲಿ ಬೆಳೆ ನಿಂತ ಹಾಗೆ ವೈರಸ್ಸು ನಿಲ್ಲುವುದರಿಂದ ಅಷ್ಟೇ ಜಾಗದಲ್ಲಿ ಮೇಲ್ಮೈ ಅನೇಕ ಪಟ್ಟು ಹೆಚ್ಚುತ್ತದೆ. ಲೇಪದ ಒಳಗೆ ಸಿಕ್ಕ ವೈರಸ್ಸು ನಿರುಪದ್ರವಿ.

ಇವೆಲ್ಲ ಓದಲು ಚೆನ್ನ. ಆದರೆ ಇಂಥ ಸುದ್ದಿಯನ್ನು ಓದುವ ಕ್ರಮವೊಂದಿದೆ, ಅದನ್ನು ನಮಗೆ ಯಾರೂ ಕಲಿಸುವುದಿಲ್ಲ. 2025ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು: ಗಣಕಯಂತ್ರದಲ್ಲೇ ರಚಿಸಿದ ಹೊಸ ಪ್ರೋಟೀನುಗಳು ಹಾವಿನ ವಿಷವನ್ನು ತಡೆದವೆಂದು. ಹಿಂದಿನ ವರುಷವಷ್ಟೇ ನೊಬೆಲ್ ಪಡೆದಿದ್ದ ಡೇವಿಡ್ ಬೇಕರರ ತಂಡದ ಕೆಲಸ. ರಾಯಬಾಗ, ಕಾಗವಾಡದ ಕಬ್ಬಿನ ಗದ್ದೆಯಲ್ಲಿ ರಾತ್ರಿ ನೀರು ಹಾಯಿಸುವವನಿಗೆ ಇದಕ್ಕಿಂತ ಹತ್ತಿರದ ಸುದ್ದಿ ಬೇರೆ ಯಾವುದು? ಆದರೆ ಸುದ್ದಿಯ ಒಳಹೊಕ್ಕು ನೋಡಿದರೆ ಉಳಿದುಕೊಂಡದ್ದು ಇಲಿ, ಮನುಷ್ಯನಲ್ಲ. ತಡೆದದ್ದು ನಾಗರ ಮತ್ತು ಕಟ್ಟುಹಾವಿನ ವರ್ಗದ ಒಂದು ಬಗೆಯ ವಿಷವನ್ನು, ಕೊಳಕುಮಂಡಲದ್ದನ್ನಲ್ಲ. ಅದು ಆಸ್ಪತ್ರೆಯ ಕಪಾಟಿಗೆ ಬರಲು ವರುಷಗಳು ಬೇಕು. ಅದೇ ಸಮಯದಲ್ಲಿ ನಮ್ಮ ಕರ್ನಾಟಕ ಸರಕಾರವೇ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಮೊದಲಿನ ಸುದ್ದಿಯನ್ನು ಓದಿದವರಲ್ಲಿ ಎಷ್ಟು ಮಂದಿ ಎರಡನೆಯದನ್ನು ಓದಿದರೋ ನಾನರಿಯೆ. ದೂರದ್ದು, ಇನ್ನೂ ಆಗದ್ದು, ಅದ್ಭುತವಾದದ್ದು ಎಂದರೆ ನಮಗೆ ಹಬ್ಬ. ಹತ್ತಿರದ್ದು, ಆಗಿಹೋದದ್ದು, ಸಾದಾ ಆದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ತಂಬಾಕಿನ ವಿಷಯದಲ್ಲಿ ಇದೇ ಆಗಿದೆ, ಇನ್ನೂ ಕ್ರೂರವಾಗಿ ಆಗಿದೆ ಎಂಬುದು ನನ್ನ ಮುಖ್ಯ ಆಕ್ಷೇಪ.

ಬೀಡಿ ಸುತ್ತುವ ಹೆಣ್ಣುಮಗಳ ಮಜೂರಿ ಸಾವಿರ ಬೀಡಿಗೆ ಇಷ್ಟೆಂದು ಗೊತ್ತು ಮಾಡುವ ಪದ್ಧತಿ. ಒಂದು ಬೀಡಿಯಲ್ಲಿ ಸುಮಾರು 0.2 ಗ್ರಾಂ ತಂಬಾಕು. ಸಾವಿರ ಬೀಡಿಯೆಂದರೆ 200 ಗ್ರಾಂ. ವರುಷಕ್ಕೆ 300 ದಿನ ಹಿಡಿದರೆ 60 ಕಿಲೋ ತಂಬಾಕು ಆಕೆಯ ಬೆರಳುಗಳ ನಡುವೆ ಹಾಯ್ದುಹೋಗುತ್ತದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಬೀಡಿಯ ತಂಬಾಕಿನ ಒಂದೊಂದು ಗ್ರಾಮಿಗೆ ಸರಾಸರಿ 21 ಮಿಲಿಗ್ರಾಂ ನಿಕೋಟಿನ್ ಸಿಕ್ಕಿತು. ಸಿಗರೇಟಿನಲ್ಲಿ ಸಿಕ್ಕಿದ್ದು 16. ಈ ಲೆಕ್ಕದಲ್ಲಿ ಒಂದು ದಿನದ ಮೊರದಲ್ಲಿ ನಾಲ್ಕು ಗ್ರಾಮಿಗೂ ಮಿಕ್ಕಿ ನಿಕೋಟಿನ್ ಇರುತ್ತದೆ. ಮನುಷ್ಯನನ್ನು ಕೊಲ್ಲಲು 60 ಮಿಲಿಗ್ರಾಂ ಸಾಕೆಂದು ಪಠ್ಯಪುಸ್ತಕಗಳು ಬಹುಕಾಲ ಬರೆಯುತ್ತ ಬಂದವು. ಅಷ್ಟಲ್ಲ, ಅರ್ಧ ಗ್ರಾಮಿಗಿಂತ ಹೆಚ್ಚು ಬೇಕಾದೀತೆಂದು 2014ರಲ್ಲಿ ಆಸ್ಟ್ರಿಯದ ಮೇಯರ್ ಎಂಬ ಶಾಸ್ತ್ರಜ್ಞರು ಹಳೆಯ ಲೆಕ್ಕದ ಬುಡವನ್ನು ಕೆದಕಿ ತಿದ್ದಿದರು. ತಿದ್ದಿದ ಲೆಕ್ಕವನ್ನು ಹಿಡಿದರೂ ಮೊರದಲ್ಲಿರುವುದು ಅದರ ಎಷ್ಟೋ ಪಟ್ಟು. ಅದೆಲ್ಲ ಮೈಯೊಳಗೆ ಇಳಿಯುವುದಿಲ್ಲವೆಂಬುದು ನಿಜ. ಆದರೆ ಏನೂ ಇಳಿಯುವುದಿಲ್ಲವೆಂಬುದು ಸುಳ್ಳು.

ನಿಕೋಟಿನ್ ನೀರಿನಲ್ಲಿಯೂ ಕರಗುತ್ತದೆ, ಕೊಬ್ಬಿನಲ್ಲಿಯೂ ಕರಗುತ್ತದೆ; ಆದ್ದರಿಂದ ಅದು ಚರ್ಮವನ್ನು ದಾಟಬಲ್ಲುದು. ಇಬ್ಬನಿಯಲ್ಲಿ ತೊಯ್ದ ಹಸಿ ಎಲೆಯನ್ನು ಕೊಯ್ಯುವವರಿಗೆ ತಲೆ ಸುತ್ತು, ವಾಕರಿಕೆ, ವಾಂತಿ, ತಲೆನೋವು ಬರುವುದನ್ನು ಅಮೆರಿಕದ ವೈದ್ಯರು 1970ರಲ್ಲಿ ಬರೆದು ಪ್ರಕಟಿಸಿದರು. 'ಹಸಿ ತಂಬಾಕಿನ ಬೇನೆ' ಎಂದು ಅದಕ್ಕೆ ಹೆಸರಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಎಪ್ಪತ್ತರ ದಶಕದ ಕೊನೆಯಿಂದ ತಂಬಾಕಿನ ಕೂಲಿಗಳನ್ನು ಪರೀಕ್ಷಿಸಿ ಅದೇ ಲಕ್ಷಣಗಳನ್ನು ಕಂಡರು; ಕೈಗವಸು ತೊಡಿಸಿದರೆ ಮೈಗೆ ಸೇರುವ ನಿಕೋಟಿನ್ ಕಡಿಮೆಯಾಗುವುದನ್ನೂ ಎಂಬತ್ತರ ದಶಕದಲ್ಲಿ ತೋರಿಸಿದರು. ಮುಂಬಯಿಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ತೊಂಬತ್ತರ ದಶಕದಲ್ಲಿ ಬೀಡಿ ಮತ್ತು ತಂಬಾಕು ಸಂಸ್ಕರಣೆಯ ಕೆಲಸಗಾರರ ಮೂತ್ರವನ್ನೂ ರಕ್ತವನ್ನೂ ನೋಡಿದರು. ತಂಬಾಕು ಮೈಯೊಳಗೆ ಹೋಗಿದೆಯೆನ್ನಲು ಗುರುತಾದ ಕೊಟಿನಿನ್ ಎಂಬ ವಸ್ತು ಮೂತ್ರದಲ್ಲಿತ್ತು. ರಕ್ತಕಣಗಳ ವರ್ಣತಂತುಗಳಲ್ಲಿ ಮುರಿತಗಳು ಹೆಚ್ಚಾಗಿದ್ದವು. ಎಂದೂ ಒಂದು ಬೀಡಿಯನ್ನು ತುಟಿಗಿಡದ ಹೆಂಗಸು ಬೀಡಿಯ ಫಲವನ್ನುಣ್ಣುತ್ತಾಳೆಂದು ಇದರ ಅರ್ಥ.

ಈಗ ನಾನು ಬಹಳ ಬೆಲೆಯುಳ್ಳದ್ದೆಂದು ತಿಳಿದಿರುವ ಶೋಧನೆಯನ್ನು ಹೇಳುತ್ತೇನೆ. ಅದು ಕ್ಯಾನ್ಸರಿನ ಮದ್ದಲ್ಲ, ಬ್ಯಾಟರಿಯಲ್ಲ. 2005ರಲ್ಲಿ ಅಮೆರಿಕದ ಔದ್ಯೋಗಿಕ ಆರೋಗ್ಯದ ಸಂಶೋಧಕರು ತಂಬಾಕು ಕೊಯ್ಯುವವರ ಅಂಗೈಯ ಮೇಲಿನ ನಿಕೋಟಿನನ್ನು ಕೈ ತೊಳೆಯುವ ಮುಂಚೆ ಒಮ್ಮೆ, ತೊಳೆದ ಮೇಲೆ ಒಮ್ಮೆ ಅಳೆದರು. ಸಾಬೂನು ನೀರಿನಲ್ಲಿ ತೊಳೆದದ್ದರಿಂದ ನೂರಕ್ಕೆ 96 ಪಾಲು ಹೋಗಿತ್ತು. ಇಷ್ಟೇ. ಇದಕ್ಕೆ ನೊಬೆಲ್ ಬರುವುದಿಲ್ಲ, ವೃತ್ತಪತ್ರಿಕೆಯ ಮುಖಪುಟದಲ್ಲಿ ಜಾಗ ಸಿಗುವುದಿಲ್ಲ. ಆದರೆ ನಿಪ್ಪಾಣಿಯ ಓಣಿಯಲ್ಲಿ ಮೊರ ಕೆಳಗಿಟ್ಟು ಎದ್ದು ಅದೇ ಕೈಯಲ್ಲಿ ರೊಟ್ಟಿ ಬಡಿಯುವ, ಅದೇ ಕೈಯಲ್ಲಿ ಕೂಸನ್ನೆತ್ತುವ ತಾಯಿಗೆ ಈ ನಾಡಿನ ಯಾವ ಪ್ರಯೋಗಾಲಯವೂ ಇದಕ್ಕಿಂತ ಹೆಚ್ಚಿನದನ್ನು ಕೊಟ್ಟಿಲ್ಲ. ಕೈಗವಸಿನ ಶೋಧನೆ ಹೊಲದವರಿಗೆ ಆದೀತು. ಬೀಡಿ ಸುತ್ತುವುದು ಬೆರಳ ತುದಿಯ ಹದದಿಂದ, ಅಲ್ಲಿ ಕೈಗವಸು ತೊಟ್ಟು ಕೂತರೆ ಸಾವಿರ ಮುಗಿಯುವುದು ಯಾವಾಗ? ಸಾಬೂನು ಮಾತ್ರ ಎಲ್ಲರಿಗೂ ಆಗುತ್ತದೆ. ಪ್ರಶ್ನೆಯೆಂದರೆ ಈ ಮಾತನ್ನು ಆಕೆಗೆ ಆಕೆಯ ಭಾಷೆಯಲ್ಲಿ ಯಾರಾದರೂ ಹೇಳಿದ್ದಾರೆಯೇ?

ನಿಪ್ಪಾಣಿಯು ಮಾತನಾಡದ ಊರಲ್ಲ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಬೇಕೆಂದು ಶರದ ಜೋಶಿಯವರ ಮುಂದಾಳುತನದಲ್ಲಿ ಸಾವಿರಾರು ರೈತರು ಪುಣೆ ಬೆಂಗಳೂರು ರಸ್ತೆಯಲ್ಲಿ ವಾರಗಟ್ಟಲೆ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಮಂದಿ ರೈತರು ಪ್ರಾಣ ತೆತ್ತರು. ತಂಬಾಕಿನ ವಖಾರಿಗಳಲ್ಲಿ ದೂಳು ಕುಡಿಯುತ್ತ ದುಡಿದ ಹೆಂಗಸರು ಸಂಘಟಿತರಾಗಿ ಮುಷ್ಕರ ಹೂಡಿದ್ದನ್ನು ದೀಪಾ ಧನರಾಜ್ ಮೊದಲಾದವರ ಯುಗಾಂತರ ತಂಡವು 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನಾಗಿ ತೆಗೆದಿದೆ. ಎಲೆಯ ಬೆಲೆಗಾಗಿ ಈ ಊರು ರಕ್ತ ಕೊಟ್ಟಿದೆ, ಮಜೂರಿಗಾಗಿ ಬೀದಿಗಿಳಿದಿದೆ. ಎಲೆಯೊಳಗಿನ ವಿಷದ ಅರಿವು ಮಾತ್ರ ಆ ಬೇಡಿಕೆಗಳಷ್ಟು ದೊಡ್ಡ ದನಿಯಲ್ಲಿ ಎಂದೂ ಮೇಲೇಳಲಿಲ್ಲ. ಗೊತ್ತಿಲ್ಲದ್ದನ್ನು ಯಾರಾದರೂ ಹೇಗೆ ಕೇಳಿಯಾರು? ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರ ನಿಪ್ಪಾಣಿಯಲ್ಲೇ ಇದೆ. ಗಿಡದ ಇಳುವರಿ, ಗಿಡದ ರೋಗಗಳ ಬಗ್ಗೆ ಅಲ್ಲಿ ಕೆಲಸ ನಡೆದಿದೆ. ಗಿಡಕ್ಕೆ ಬರುವ ರೋಗಕ್ಕೆ ಊರಲ್ಲೇ ಕೇಂದ್ರ. ಗಿಡದಿಂದ ಬರುವ ರೋಗದ ಕಾಗದಪತ್ರವೆಲ್ಲ ಮುಂಬಯಿ, ಅಹಮದಾಬಾದು, ಅಮೆರಿಕದಲ್ಲಿ, ಅದೂ ಇಂಗ್ಲಿಷಿನಲ್ಲಿ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಬೀಡಿಯ ಕಟ್ಟಿನ ಮೇಲೆ ಎಚ್ಚರಿಕೆಯ ಚಿತ್ರವಿರಬೇಕೆಂಬುದು ಕಾನೂನು. 2016ರಿಂದ ಆ ಚಿತ್ರ ನೂರಕ್ಕೆ 85ರಷ್ಟು ಜಾಗವನ್ನು ಆವರಿಸಬೇಕೆಂದಾಗಿದೆ. ಒಳ್ಳೆಯದೇ ಆಯಿತು. ಆದರೆ ಆ ಎಚ್ಚರಿಕೆ ಕೊಳ್ಳುವವನಿಗೆ. ಕಟ್ಟಿದವಳಿಗೆ, ತುಂಬಿದವಳಿಗೆ, ವಖಾರಿಯಲ್ಲಿ ಜರಡಿ ಹಿಡಿದವಳಿಗೆ ಯಾವ ಚೀಲದ ಮೇಲೆ ಯಾವ ಚಿತ್ರವಿದೆ? ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣದ ಒಡಂಬಡಿಕೆಯನ್ನು ಭಾರತವು 2004ರಲ್ಲಿ ಅಂಗೀಕರಿಸಿತು. ಅದರ 18ನೆಯ ಕಲಮು ತಂಬಾಕಿನ ಬೇಸಾಯದಲ್ಲೂ ತಯಾರಿಕೆಯಲ್ಲೂ ಜನರ ಆರೋಗ್ಯವನ್ನು ಕಾಯಬೇಕೆಂದು ಹೇಳುತ್ತದೆ. 17ನೆಯದು ಬೆಳೆಗಾರರಿಗೂ ಕೆಲಸಗಾರರಿಗೂ ಬೇರೆ ಜೀವನೋಪಾಯವನ್ನು ಹುಡುಕಿಕೊಡಬೇಕೆಂದು ಹೇಳುತ್ತದೆ. ಸಿಗರೇಟಿನ ಜಾಹೀರಾತಿನ ವಿಷಯ ಬಂದಾಗ ಎಲ್ಲರೂ ನೆನೆಯುವ ಒಡಂಬಡಿಕೆಯ ಈ ಎರಡು ಕಲಮುಗಳನ್ನು ನಮ್ಮ ಸೀಮೆಯವರಾದರೂ ಓದಿಕೊಂಡಿರಬೇಡವೇ?

ಇಲ್ಲಿ ಒಂದು ಆಕ್ಷೇಪ ಬರುವುದುಂಟು, ಅದು ಹಗುರವಾದುದಲ್ಲ. ಅಪಾಯದ ಮಾತನ್ನೆತ್ತಿದರೆ ಬಡವರ ಅನ್ನಕ್ಕೆ ಕಲ್ಲು ಬೀಳುತ್ತದೆ, ಅವರು ತಿಳಿಯದೆ ಇರುವುದೇ ಲೇಸು ಎನ್ನುವವರಿದ್ದಾರೆ. ಕೈ ತೊಳೆಯಿರಿ ಎಂದರೆ ಯಾರ ಅನ್ನವೂ ಹೋಗುವುದಿಲ್ಲವೆಂಬುದು ಸುಲಭದ ಉತ್ತರ. ಆದರೆ ಸಂಶೋಧನೆಯನ್ನು ಅರ್ಧ ಹೇಳಿ ಅರ್ಧ ಮುಚ್ಚಿಡುವುದು ಸರಿಯಲ್ಲ. ಬೀಡಿ ಸೇದುವವನನ್ನು ಕೊಲ್ಲುತ್ತದೆ, ಅದು ಕಡಿಮೆಯಾಗಲೇಬೇಕು ಎಂಬುದೂ ಅದೇ ಸಂಶೋಧನೆಯ ತೀರ್ಪು. ಹಾಗಾದರೆ ಮೊರದ ಮುಂದೆ ಕೂತವಳ ಗತಿಯೇನು? ತಂಬಾಕಿನ ಹೊಲಗಳು ಕಡಿಮೆಯಾಗಿ ಕಬ್ಬು, ಸೋಯಾ ಅವರೆ ಬಂದವು. ಹೊಲದ ಒಡೆಯನಿಗೆ ಬದಲಿ ಸಿಕ್ಕಿತು. ಹೊಲವಿಲ್ಲದವಳಿಗೆ ಏನು ಸಿಕ್ಕಿತು? ಇದು ರಸಾಯನ ಶಾಸ್ತ್ರದ ಪ್ರಶ್ನೆಯಲ್ಲ. ಇದು ಅರ್ಥಶಾಸ್ತ್ರದ, ಸಮಾಜಶಾಸ್ತ್ರದ ಪ್ರಶ್ನೆ. ಅಂದರೆ ನಮ್ಮ ಕಾಲೇಜಿನ ಪ್ರಶ್ನೆ.

ಜ್ಞಾನವು ಹೊರಗಿನಿಂದ ಒಳಗೆ ಬರದಿರುವುದು ಒಂದು ಕಡೆಯಾದರೆ, ಒಳಗಿನಿಂದ ಹೊರಗೆ ಹೋಗಿ ಹೆಸರು ಕಳೆದುಕೊಳ್ಳುವುದು ಇನ್ನೊಂದು ಕಡೆ. ಅದನ್ನು ನೋಡಲು ನಿಪ್ಪಾಣಿಯಿಂದ ಅಥಣಿಗೆ ಹೋಗಬೇಕು. ಅಥಣಿಯ ಸಮಗಾರ ಮನೆತನಗಳು ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದ ಮಾಡಿದ ತೊಗಲಿನಲ್ಲಿ ಚಪ್ಪಲಿ ಕಟ್ಟುತ್ತವೆ. ಇದೂ ಪದಾರ್ಥ ವಿಜ್ಞಾನವೇ. ತೊಗಲೆಂದರೆ ಕಾಲಜನ್ ಎಂಬ ಪ್ರೋಟೀನಿನ ನಾರು. ಮೂರೆಳೆಯ ಹುರಿಯಂತೆ ಅದು ಹೊಸೆದುಕೊಂಡಿದೆಯೆಂದು ಮದ್ರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಮತ್ತು ಗೋಪೀನಾಥ ಕರ್ತಾ ಅವರು 1954-55ರಲ್ಲಿ ತೋರಿಸಿಕೊಟ್ಟರು. ಹಸಿ ತೊಗಲು ಸುಮಾರು 65 ಡಿಗ್ರಿ ಶಾಖಕ್ಕೆ ಮುದುಡಿಹೋಗುತ್ತದೆ. ತೊಗಟೆಯ ಒಗರು ಆ ಹುರಿಗಳ ನಡುವೆ ಸೇರಿ ಒಂದನ್ನೊಂದಕ್ಕೆ ಬಿಗಿಯುವುದರಿಂದ ಅದು 80 ಡಿಗ್ರಿಯವರೆಗೂ ತಾಳುತ್ತದೆ, ಕೊಳೆಯುವುದೂ ಇಲ್ಲ. ಕ್ರೋಮಿಯಂ ಲವಣದಿಂದ ಹದ ಮಾಡಿದರೆ 100 ದಾಟುತ್ತದೆ, ಕೆಲಸವೂ ಒಂದು ದಿನದಲ್ಲಿ ಮುಗಿಯುತ್ತದೆ. ಆದರೆ ಆ ನೀರನ್ನು ಎಲ್ಲಿ ಚೆಲ್ಲುವುದೆಂಬ ತೊಡಕು ಬೆನ್ನು ಬಿಡುವುದಿಲ್ಲ. ಹಾಗೆಂದೇ ಈಗ ಲೋಕದ ಪ್ರಯೋಗಾಲಯಗಳು ಕ್ರೋಮಿಯಂ ಇಲ್ಲದ ಹದವನ್ನು ಹುಡುಕುತ್ತಿವೆ. ಅಥಣಿಯವರು ಅದನ್ನು ಬಿಟ್ಟೇ ಇರಲಿಲ್ಲ!

2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಲಿಕ ಗುರುತಿನ ಹಕ್ಕು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ಆದರೂ 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿಯವರು ಮಿಲಾನಿನ ಪ್ರದರ್ಶನದಲ್ಲಿ ಅಂಥದೇ ಚಪ್ಪಲಿಯನ್ನು ಮೆರೆಸಿದಾಗ ಅದರ ಮೂಲದ ಹೆಸರೆತ್ತಲಿಲ್ಲ; ಗದ್ದಲವಾದ ಮೇಲೆ ಒಪ್ಪಿಕೊಂಡರು. ಗದ್ದಲ ಮಾಡಿದವರೂ ಕೊಲ್ಹಾಪುರದ ಹೆಸರನ್ನು ಹೇಳಿದಷ್ಟು ಅಥಣಿಯ ಹೆಸರನ್ನು ಹೇಳಲಿಲ್ಲವೆಂಬುದು ಬೇರೆ ಮಾತು. ಹೊರಗೆ ಹೋದ ಜ್ಞಾನಕ್ಕೆ ಬರೆದಿಟ್ಟ ದಾಖಲೆ ಬೇಕು. ಒಳಗೆ ಬರಬೇಕಾದ ಜ್ಞಾನಕ್ಕೆ ಅನುವಾದ ಬೇಕು. ಬರೆಯುವುದೂ ಅನುವಾದಿಸುವುದೂ ಯಾರ ವಿದ್ಯೆ? ತೊಗಟೆ ಎಷ್ಟು ದಿನ ನೆನೆಯಬೇಕು, ನೀರಿನ ಬಣ್ಣ ಯಾವಾಗ ಸರಿಯಾಯಿತೆಂದು ಹೇಗೆ ತಿಳಿಯುತ್ತದೆ ಎಂಬುದನ್ನು ಮುದುಕರ ಬಾಯಿಂದ ಕೇಳಿ ಬರೆದಿಡಲು ಪ್ರಯೋಗಾಲಯ ಬೇಕಿಲ್ಲ, ಕನ್ನಡ ಎಂ. ಎ. ಸಾಕು.

ವಿಜ್ಞಾನವನ್ನು ವಿಜ್ಞಾನದವರು ಹೇಳಲಿ, ನಮಗೆ ಅದರ ಗೊಡವೆ ಬೇಡ ಎಂಬ ಮಾತನ್ನು ನಮ್ಮ ಸಹಪಾಠಿಗಳಿಂದ ಆಗಾಗ್ಗೆ ಕೇಳುತ್ತೇವೆ. ಕನ್ನಡದ ಹಿರಿಯರು ಹಾಗೆ ಎಣಿಸಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು ಭೌತವಿಜ್ಞಾನದ ಅಧ್ಯಾಪಕರಾಗಿದ್ದುಕೊಂಡೇ ಪಂಪನನ್ನು ಸಂಪಾದಿಸಿದರು. ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಸೇರಿ 1918ರಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನೂ ಹೊರಡಿಸಿದರು. ಶಿವರಾಮ ಕಾರಂತರು ಯಾವ ವಿಜ್ಞಾನ ಪದವಿಯೂ ಇಲ್ಲದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ'ವನ್ನು ಬರೆದರು. ಪಾರಿಭಾಷಿಕ ಶಬ್ದಗಳಿಲ್ಲವೆಂಬ ನೆಪವನ್ನು ಅವರು ಹೇಳಲಿಲ್ಲ. ನಿಜಕ್ಕೂ ಇಲ್ಲಿ ತೊಡಕಿರುವುದು ಪರಿಭಾಷೆಯಲ್ಲಲ್ಲ. ಕೊಟಿನಿನ್ನಿಗೆ ಕನ್ನಡ ಪದವನ್ನು ಹುಡುಕುವ ಸಮಿತಿ ಬೇಕಿಲ್ಲ. ನೀನು ಸೇದದಿದ್ದರೂ ನಿನ್ನ ಮೂತ್ರದಲ್ಲಿ ತಂಬಾಕಿನ ಗುರುತು ಸಿಗುತ್ತದೆ ಎಂಬ ವಾಕ್ಯ ಬೇಕು. ಆ ವಾಕ್ಯ ನಿಪ್ಪಾಣಿಯಲ್ಲಿ ಮರಾಠಿಯಲ್ಲೂ ಬೇಕು, ಕೆಲವು ಓಣಿಗಳಲ್ಲಿ ದಖನಿ ಉರ್ದುವಿನಲ್ಲೂ ಬೇಕು. ಗಡಿಯ ಜಗಳಗಳಲ್ಲಿ ನಮಗೆ ಹೊರೆಯಾಗಿ ಕಂಡಿರುವ ಎರಡು ಭಾಷೆ ಮೂರು ಭಾಷೆಯ ಬದುಕು ಇಲ್ಲಿ ನಮ್ಮ ಬಂಡವಾಳ. ಬೆಂಗಳೂರಿನ ಕಾಲೇಜಿನವರಿಗೆ ಅದಿಲ್ಲ.

ಆದುದರಿಂದ ನನ್ನ ಸೂಚನೆ ಚಿಕ್ಕದು, ಪ್ರಾಧ್ಯಾಪಕರು ಮನಸ್ಸು ಮಾಡಿದರೆ ಬರುವ ರಜೆಯಲ್ಲೇ ಆಗುವಂಥದು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ಈ ಸಲ ನಿಪ್ಪಾಣಿಯ ಕಡೆ ನಡೆಯಲಿ; ರಸ್ತೆ ಗುಡಿಸುವ ಕೆಲಸ ಒಂದು ವರುಷ ತಡವಾದರೆ ನಷ್ಟವಿಲ್ಲ. ಅರ್ಥಶಾಸ್ತ್ರದವರು ಒಂದು ಓಣಿಯನ್ನು ಹಿಡಿದು, ಎಷ್ಟು ಮಂದಿ ಸುತ್ತುತ್ತಾರೆ, ಎಷ್ಟು ಸಿಗುತ್ತದೆ, ಬಿಟ್ಟವರು ಯಾವ ಕೆಲಸಕ್ಕೆ ಹೋದರು ಎಂಬುದನ್ನು ಬರೆದುಕೊಳ್ಳಲಿ. ಭಾಷಾ ವಿಭಾಗಗಳವರು ಒಂದೇ ಹಾಳೆಯ ಒಂದು ಪತ್ರಕವನ್ನು ಸಿದ್ಧಪಡಿಸಲಿ. ಅದರಲ್ಲಿ ಹತ್ತು ಸಾಲಿಗಿಂತ ಹೆಚ್ಚು ಬೇಡ: ಮೊರವನ್ನು ಅಡುಗೆಮನೆಯಿಂದಲೂ ತೊಟ್ಟಿಲಿನಿಂದಲೂ ದೂರವಿಡುವುದು, ಗಾಳಿಯಾಡುವ ಕಡೆ ಕೂರುವುದು, ಒದ್ದೆ ಕೈಯಲ್ಲಿ ಎಲೆ ಮುಟ್ಟದಿರುವುದು, ಎದ್ದೊಡನೆ ಸಾಬೂನಿನಿಂದ ಕೈ ತೊಳೆಯುವುದು, ತಂಬಾಕಿನ ದೂಳು ಹಿಡಿದ ಸೀರೆಯನ್ನು ಕೂಸಿನ ಬಟ್ಟೆಯ ಜೊತೆ ಒಗೆಯದಿರುವುದು, ಬಸುರಿಯಾದವಳು ವೈದ್ಯರ ಮುಂದೆ ತನ್ನ ಕೆಲಸ ಇಂಥದೆಂದು ಮರೆಯದೆ ಹೇಳುವುದು. ಒಬ್ಬ ವೈದ್ಯಾಧಿಕಾರಿಗಳಿಗೆ ತೋರಿಸಿ ಅವರ ಒಪ್ಪಿಗೆ ಪಡೆಯದೆ ಅಚ್ಚಿಗೆ ಕೊಡಬಾರದು. ಅಚ್ಚಿನ ಖರ್ಚಿಗೆ ಈ ಸಂಚಿಕೆಯ ಬಣ್ಣದ ಪುಟಗಳಲ್ಲಿ ಎರಡನ್ನು ಬಿಟ್ಟುಕೊಟ್ಟರೆ ಸಾಕಾದೀತೆಂದು ನನ್ನ ಅಂದಾಜು. ಪತ್ರಕದ ಮಾತು ಮಾತ್ರ ಪುಸ್ತಕದ ಮರಾಠಿಯಾಗಲಿ, ಪುಸ್ತಕದ ಕನ್ನಡವಾಗಲಿ ಆಗಿರಬಾರದು. ಅದು ಹೇಗಿರಬೇಕೆಂಬುದನ್ನು ನಮ್ಮ ತರಗತಿಗಳಲ್ಲೇ ಕುಳಿತಿರುವ, ತಾಯಿ ಸುತ್ತಿದ ಬೀಡಿಯ ದುಡ್ಡಿನಲ್ಲಿ ಫೀ ಕಟ್ಟಿದ ಹುಡುಗಿಯರು ಹೇಳಬಲ್ಲರು. ಅವರು ಯಾರೆಂದು ಹಾಜರಿ ಪುಸ್ತಕ ಹೇಳುವುದಿಲ್ಲ, ನಾವೇ ಕೇಳಬೇಕು.